ಸೊಂಟದಲ್ಲಿ ಪಿಸ್ತೂಲು, ಮುಂದೆ ಗಡಿ: ಹಾಸನ, ಚಿಕ್ಕಮಗಳೂರಿನ ಲೈಸೆನ್ಸ್‌ದಾರರಿಗೆ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಕೋವಿ ಎಂದರೆ ಕೊಡೆ, ಕತ್ತಿಯಷ್ಟೇ ಮಾಮೂಲು. ಅದು ಮನೆಯ ಮೂಲೆಯಲ್ಲಿ ನಿಲ್ಲುವ ವಸ್ತು, ಊರು ಬಿಟ್ಟು ಹೋಗುವುದಿಲ್ಲ. ಪಿಸ್ತೂಲು, ರಿವಾಲ್ವರ್ ಹಾಗಲ್ಲ. ಕಾಫಿ, ಮೆಣಸಿನ ದುಡ್ಡು ಸಾಗಿಸಬೇಕು ಎಂದೋ ಪ್ರಾಣಭಯ ಇದೆ ಎಂದೋ ಲೈಸೆನ್ಸ್ ಪಡೆದವರು ಅದನ್ನು ಮೈಮೇಲೇ ಇಟ್ಟುಕೊಂಡು ಓಡಾಡುತ್ತಾರೆ. ಜಿಲ್ಲೆಯೊಳಗೆ ಹತ್ತು ವರ್ಷ ಯಾರೂ ಕೇಳದೆ ಇದ್ದದ್ದು ತಲಪಾಡಿಯಲ್ಲೋ ಅತ್ತಿಬೆಲೆಯಲ್ಲೋ ಒಂದು ತಪಾಸಣೆಯಲ್ಲಿ ಕೇಸಾಗಿ ಬಿಡಬಹುದು.

ಗನ್ ಮುಚ್ಚಿಟ್ಟುಕೊಳ್ಳಲು ಬೇರೆ ಅನುಮತಿ ಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. ಅಮೆರಿಕದಲ್ಲಿ ಅದಕ್ಕೆಂದೇ ಪ್ರತ್ಯೇಕ ಪರ್ಮಿಟ್ ಕೊಡುವ ರಾಜ್ಯಗಳಿವೆ. ನಮ್ಮಲ್ಲಿ ಮುಚ್ಚಿಡುವುದೇ ನಿಯಮ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅಥವಾ ರಿವಾಲ್ವರ್ ಮೈಗೆ ಕಟ್ಟಿದ ಹೋಲ್ಸ್ಟರ್‌ನಲ್ಲಿ, ಅಂದರೆ ಗನ್ ಇಡುವ ಒರೆಯಲ್ಲಿ ಇರಬೇಕು, ಇಲ್ಲವೇ ಬೆನ್ನುಚೀಲದಂಥ ಚೀಲದಲ್ಲಿರಬೇಕು. ಪೂರ್ತಿ ಮುಚ್ಚಿರಬೇಕು, ಮತ್ತು ಹೊತ್ತವರ ಹತೋಟಿಯಲ್ಲೇ ಇರಬೇಕು. ತೆಗೆದು ತೋರಿಸುವುದು, ಝಳಪಿಸುವುದು, ಗಾಳಿಯಲ್ಲಿ ಹಾರಿಸುವುದು ನಿಷಿದ್ಧ. ಹಾಗಾಗಿ ಬೇರೆ ರಾಜ್ಯಕ್ಕೆ ಹೊರಟವರು ಹೇಗೆ ಮುಚ್ಚುವುದು ಎಂದು ಯೋಚಿಸುವ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ನಿಮ್ಮ ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ?

ಲೈಸೆನ್ಸ್ ತೆಗೆದು ಓದಿ

ನಮೂನೆ 3ರ ಲೈಸೆನ್ಸ್‌ನಲ್ಲಿ ವ್ಯಾಪ್ತಿ ಬರೆಯುವ ಜಾಗವೊಂದಿದೆ. ಅಲ್ಲಿ ಒಂದೇ ಜಿಲ್ಲೆ ಇರಬಹುದು, ಕರ್ನಾಟಕ ರಾಜ್ಯ ಎಂದಿರಬಹುದು, ಕೆಲವು ನಿರ್ದಿಷ್ಟ ರಾಜ್ಯಗಳ ಹೆಸರಿರಬಹುದು, ಅಖಿಲ ಭಾರತ ಎಂದೂ ಇರಬಹುದು. ಈ ಎರಡು ಜಿಲ್ಲೆಗಳಲ್ಲಿ ಕಾಣುವ ಲೈಸೆನ್ಸ್‌ಗಳಲ್ಲಿ ಬಹುಪಾಲು ಕರ್ನಾಟಕಕ್ಕೆ ಸೀಮಿತ. ಅಂಥ ಲೈಸೆನ್ಸ್ ಹಿಡಿದು ಗಡಿ ದಾಟಿದರೆ ಆಚೆಗೆ ನಿಮ್ಮ ಕೈಯಲ್ಲಿರುವುದು ಲೈಸೆನ್ಸ್ ಇಲ್ಲದ ಆಯುಧ ಎಂದೇ ಅಲ್ಲಿನ ಪೊಲೀಸರು ಹಿಡಿಯಬಹುದು.

ಹಿಡಿದರೆ ಏನಾಗುತ್ತದೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 30 ಲೈಸೆನ್ಸ್ ಷರತ್ತು ಮೀರಿದ್ದಕ್ಕೆ. ಅದರಲ್ಲಿ 6 ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೆಕ್ಷನ್ 25 ಲೈಸೆನ್ಸ್ ಇಲ್ಲದೆ ಇಟ್ಟುಕೊಂಡದ್ದಕ್ಕೆ. 2019ರ ತಿದ್ದುಪಡಿಯ ನಂತರ ಅದರಡಿ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ವ್ಯಾಪ್ತಿ ಮೀರಿದ್ದು ಬರೀ ಷರತ್ತಿನ ಉಲ್ಲಂಘನೆ ಎಂದು ನಿಮ್ಮ ವಕೀಲರು ವಾದಿಸುತ್ತಾರೆ. ಎಫ್‌ಐಆರ್ ಬರೆಯುವವರು 25 ಹಾಕಿರುತ್ತಾರೆ. ಆ ವಾದ ಮುಗಿಯುವವರೆಗೆ ಗನ್ ಆ ರಾಜ್ಯದ ಠಾಣೆಯ ಮಾಲ್‌ಖಾನೆಯಲ್ಲಿ (ವಶಪಡಿಸಿದ ವಸ್ತು ಇಡುವ ಕೋಣೆ) ತುಕ್ಕು ಹಿಡಿಯುತ್ತಿರುತ್ತದೆ, ನೀವು ವಾಯಿದೆಗೆಂದು ಘಾಟಿ ಇಳಿದು ಹತ್ತುತ್ತಿರುತ್ತೀರಿ.

ವ್ಯಾಪ್ತಿಯ ಜೊತೆ ಇನ್ನು ಕೆಲವು ನೋಡಿ. ಅವಧಿ ಮುಗಿಯುವ ದಿನ ಯಾವುದು? 2019ರ ತಿದ್ದುಪಡಿಯ ನಂತರ ಕೊಟ್ಟ ಲೈಸೆನ್ಸ್ 5 ವರ್ಷದ್ದು. ಅದಕ್ಕೆ ಮೊದಲು 3 ವರ್ಷದ್ದಿರುತ್ತಿತ್ತು. ನವೀಕರಣದ ಅರ್ಜಿ ಎರಡು ತಿಂಗಳು ಮುಂಚೆಯೇ ಹೋಗಿರಬೇಕು. ಅರ್ಜಿ ಕೊಟ್ಟ ರಸೀದಿ ಹಾಸನದಲ್ಲಿ ನಡೆದೀತು, ಕೊಯಮತ್ತೂರಿನ ಸಬ್ ಇನ್ಸ್‌ಪೆಕ್ಟರ್‌ಗೆ ಅದನ್ನು ಅರ್ಥ ಮಾಡಿಸುವುದು ಕಷ್ಟ. ಯುಐಎನ್, ಅಂದರೆ ಪ್ರತಿ ಲೈಸೆನ್ಸ್‌ದಾರರಿಗೂ ಕೇಂದ್ರದ ದತ್ತಾಂಶದಲ್ಲಿ ಕೊಡುವ ಪ್ರತ್ಯೇಕ ಗುರುತಿನ ಸಂಖ್ಯೆ, ಇದೆಯೇ? ಕೇಂದ್ರದ ದತ್ತಾಂಶದಲ್ಲಿ ಹೆಸರು ಸಿಗದಿದ್ದರೆ ಬೇರೆ ರಾಜ್ಯದವರಿಗೆ ನಿಮ್ಮ ಲೈಸೆನ್ಸ್ ಪುಸ್ತಕ ಅಸಲಿಯೋ ನಕಲಿಯೋ ತಿಳಿಯಲು ದಾರಿ ಇಲ್ಲ. ಗನ್‌ನ ಮೈಮೇಲಿನ ನಂಬರ್, ಲೈಸೆನ್ಸ್‌ನಲ್ಲಿ ಬರೆದ ನಂಬರ್ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಕೈಬರಹದ ಕಾಲದ ಪುಸ್ತಕಗಳಲ್ಲಿ 1 ಮತ್ತು 7, ಇಂಗ್ಲಿಷಿನ ಓ ಅಕ್ಷರ ಮತ್ತು ಸೊನ್ನೆ ಅದಲು ಬದಲಾಗಿರುವುದು ಸಾಮಾನ್ಯ. ಊರಲ್ಲಿರುವಾಗಲೇ ತಿದ್ದಿಸಿಕೊಳ್ಳಿ. ಒಂದು ಸಲಕ್ಕೆ ಎಷ್ಟು ಗುಂಡು ಇಟ್ಟುಕೊಳ್ಳಬಹುದು ಎಂಬುದೂ ಅದರಲ್ಲೇ ಇದೆ. ಒಂದು ಹೆಚ್ಚಾದರೂ ಉಲ್ಲಂಘನೆಯೇ.

ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್ ಇದ್ದವರು ಈ ಬರಹವನ್ನು ಇಲ್ಲಿಗೇ ನಿಲ್ಲಿಸಬಹುದು. ಅದು ನಿಮ್ಮ ಜಮೀನಿಗೆ ಅಂಟಿಕೊಂಡ ಲೈಸೆನ್ಸ್. ಒಂಟಿ ನಳಿಕೆ ಕೋವಿಯನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ವಯನಾಡಿನ ನೆಂಟರ ತೋಟಕ್ಕೆ ಹೋಗಲು ಅದರಲ್ಲಿ ಅವಕಾಶವಿಲ್ಲ. ಪಕ್ಕದ ಕೊಡಗಿನವರನ್ನು ನೋಡಿ ಮೋಸ ಹೋಗಬೇಡಿ. ಅವರ ಲೈಸೆನ್ಸ್ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಮಾತ್ರ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅರಕಲಗೂಡಿನವರಿಗೆ, ಯಸಳೂರಿನವರಿಗೆ ಅದು ಇಲ್ಲ.

ವ್ಯಾಪ್ತಿ ವಿಸ್ತರಿಸಿಕೊಳ್ಳುವುದು

ಎರಡೂ ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ಡಿಸಿ. ಮಂಗಳೂರು, ಮೈಸೂರು, ಬೆಂಗಳೂರಿನಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಕಮಿಷನರ್. ವ್ಯಾಪ್ತಿ ವಿಸ್ತರಣೆಯ ಅರ್ಜಿ ನಿಮಗೆ ಲೈಸೆನ್ಸ್ ಕೊಟ್ಟ ಕಚೇರಿಯಿಂದಲೇ ಶುರುವಾಗಬೇಕು, ಕೇಂದ್ರದ ಎನ್‌ಡಿಎಎಲ್ (ಶಸ್ತ್ರಾಸ್ತ್ರ ಲೈಸೆನ್ಸ್‌ಗಳ ರಾಷ್ಟ್ರೀಯ ದತ್ತಾಂಶ) ಜಾಲತಾಣದಲ್ಲಿ ದಾಖಲಾಗಬೇಕು. ಅಖಿಲ ಭಾರತ ವ್ಯಾಪ್ತಿ ಕೇಳಿದರೆ ಕಡತ ರಾಜ್ಯದ ಗೃಹ ಇಲಾಖೆವರೆಗೆ ಹೋಗುತ್ತದೆ. ಅದು ವಾರದಲ್ಲಿ ಮುಗಿಯುವ ಕೆಲಸವಲ್ಲ. ಪೊಲೀಸ್ ವರದಿ ಮತ್ತೆ ಬರಬೇಕು. ಮದುವೆ ದಿನ ಗೊತ್ತಾದ ಮೇಲೆ ಅರ್ಜಿ ಹಾಕಿದರೆ ಮಗು ಹುಟ್ಟಿದ ಮೇಲೆ ಉತ್ತರ ಬಂದೀತು.

ಅರ್ಜಿಗಳು ಬೀಳುವುದು ಕಾರಣ ಬರೆಯುವ ಜಾಗದಲ್ಲಿ. "ಆಗಾಗ ಹೊರ ರಾಜ್ಯಕ್ಕೆ ಹೋಗುತ್ತೇನೆ" ಎಂದು ಬರೆದದ್ದು ಕಾರಣವಲ್ಲ. ಯಾವ ರಾಜ್ಯ, ಯಾವ ಊರು, ವರ್ಷಕ್ಕೆ ಎಷ್ಟು ಸಲ, ಏನು ವ್ಯವಹಾರ ಎಂದು ಬರೆಯಿರಿ. ಅದಕ್ಕೆ ಕಾಗದ ಜೋಡಿಸಿ: ಕಾಫಿ ವ್ಯಾಪಾರದ ನೋಂದಣಿ, ಜಿಎಸ್‌ಟಿ, ಆದಾಯ ತೆರಿಗೆ ಪತ್ರ, ಆ ರಾಜ್ಯದಲ್ಲಿ ಜಮೀನಿದ್ದರೆ ಅದರ ದಾಖಲೆ, ಬೆದರಿಕೆ ಇದ್ದರೆ ಹಿಂದೆ ಕೊಟ್ಟ ದೂರಿನ ಪ್ರತಿ. ಸುಮ್ಮನೆ ಅಖಿಲ ಭಾರತ ಕೇಳುವುದಕ್ಕಿಂತ ಬೇಕಾದ ಎರಡು ರಾಜ್ಯವನ್ನು ಹೆಸರಿಸಿ ಕೇಳುವ ಅರ್ಜಿಯನ್ನು ಸಮರ್ಥಿಸುವುದು ಸುಲಭ.

ಹೆಸರಿಸುವಾಗ ತಲುಪುವ ರಾಜ್ಯ ಮಾತ್ರ ಬರೆದರೆ ಸಾಲದು, ದಾಟುವ ರಾಜ್ಯವೂ ಬೇಕು. ಹಾಸನದಿಂದ ತಿರುಪತಿಗೆ ಕೋಲಾರ, ಮುಳಬಾಗಿಲು, ಚಿತ್ತೂರು ದಾರಿ ಹಿಡಿದರೆ ಕರ್ನಾಟಕದಿಂದ ನೇರ ಆಂಧ್ರ. ಹೊಸೂರು, ಕೃಷ್ಣಗಿರಿ ಮೇಲೆ ತಿರುಗಿದರೆ ನಡುವೆ ತಮಿಳುನಾಡು ಬರುತ್ತದೆ. ಪುದುಚೇರಿಗೆ ಹೋಗಲು ತಮಿಳುನಾಡು ದಾಟಲೇಬೇಕು. ಎಲ್ಲಕ್ಕಿಂತ ಜಾಣತನದ ಬಲೆ ಕೇರಳದ ಕರಾವಳಿಯಲ್ಲಿದೆ. ಕಣ್ಣೂರಿನಿಂದ ಕೋಝಿಕ್ಕೋಡ್ ಕಡೆಗೆ ಹಳೆಯ ಹೆದ್ದಾರಿಯಲ್ಲಿ ಹೋದರೆ ನಡುವೆ ಮಾಹೆ ಪಟ್ಟಣ. ಅದು ಪುದುಚೇರಿ ಕೇಂದ್ರಾಡಳಿತ ಪ್ರದೇಶದ್ದು. "ಕರ್ನಾಟಕ ಮತ್ತು ಕೇರಳ" ಎಂದಿರುವ ಲೈಸೆನ್ಸ್ ಆ ಕೆಲವು ಕಿಲೋಮೀಟರ್‌ಗೆ ನಡೆಯುವುದಿಲ್ಲ. ರೈಲಿನಲ್ಲಿ ದೆಹಲಿಗೆ ಹೋಗುವವರಂತೂ ಅಖಿಲ ಭಾರತ ಇಲ್ಲದೆ ಹೊರಡಲೇಬಾರದು. ಮಲಗಿ ಎದ್ದಷ್ಟರಲ್ಲಿ ಮೂರು ರಾಜ್ಯ ದಾಟಿರುತ್ತದೆ.

ಇನ್ನೊಂದು ಮಾತು, ಬೋರ್ ಬಗ್ಗೆ, ಅಂದರೆ ನಳಿಕೆಯ ಒಳ ಅಳತೆಯ ಬಗ್ಗೆ. ಸಾಮಾನ್ಯ ಲೈಸೆನ್ಸ್‌ನಲ್ಲಿ ಬರುವುದು .32ರಂಥ ನಿಷೇಧವಿಲ್ಲದ ಬೋರ್. 9 ಎಂಎಂ ನಿಷೇಧಿತ ಬೋರ್. ಅದರ ಒಂದು ಗುಂಡು, ಯಾರೋ ಸ್ನೇಹಿತರು ನೆನಪಿಗೆಂದು ಕೊಟ್ಟದ್ದು, ನಿಮ್ಮ ಚೀಲದಲ್ಲಿ ಸಿಕ್ಕರೆ ಲೈಸೆನ್ಸ್ ಯಾವ ಸಹಾಯಕ್ಕೂ ಬರುವುದಿಲ್ಲ.

ದಾರಿಯಲ್ಲಿ ಕಾಡಿದ್ದರೆ

ನಮ್ಮ ಕಡೆಯವರು ಹೆಚ್ಚಾಗಿ ಮರೆಯುವುದು ಇದನ್ನೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 31ರ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಮುಂಗಡ ಲಿಖಿತ ಅನುಮತಿ ಇಲ್ಲದೆ ಯಾರೂ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಲೈಸೆನ್ಸ್ ಅಖಿಲ ಭಾರತದ್ದಾದರೂ ಇದು ಬೇರೆ ಕಾನೂನು, ಬೇರೆ ಇಲಾಖೆ, ಬೇರೆ ಕೇಸು. ಹೆದ್ದಾರಿಯಲ್ಲಿ ಹಾದು ಹೋಗಲು ನಿಮಗೆ ಹಕ್ಕಿದೆ, ನಿಮ್ಮ ಪಿಸ್ತೂಲಿಗೆ ಇಲ್ಲ.

ಈಗ ಭೂಪಟ ಬಿಡಿಸಿ. ಮೈಸೂರು, ಗುಂಡ್ಲುಪೇಟೆ ಮೂಲಕ ವಯನಾಡಿಗೆ ಅಥವಾ ಊಟಿಗೆ ಹೋಗುವ ಎರಡೂ ರಸ್ತೆಗಳು ಬಂಡೀಪುರದೊಳಗೆ ಹಾದು ಹೋಗುತ್ತವೆ, ಆಚೆಗೆ ಮುತ್ತಂಗ ಅಥವಾ ಮುದುಮಲೆ ಕಾಡು. ಚಾಮರಾಜನಗರದಿಂದ ಸತ್ಯಮಂಗಲ ದಾರಿಯಲ್ಲಿ ಅಲ್ಲಿನ ಹುಲಿ ಮೀಸಲು. ಅನಮೋಡ ಘಾಟಿಯಲ್ಲಿ ಗೋವಾಕ್ಕೆ ಇಳಿದರೆ ಮೊಲ್ಲೆಂ ರಾಷ್ಟ್ರೀಯ ಉದ್ಯಾನ. ಕಳಸದಿಂದ ಕುದುರೆಮುಖ ಮೇಲೆ ಕಾರ್ಕಳಕ್ಕೆ ಇಳಿಯುವ ರಸ್ತೆ ರಾಜ್ಯದೊಳಗೇ ಇದ್ದರೂ ರಾಷ್ಟ್ರೀಯ ಉದ್ಯಾನದ ನಡುವಿನದು. ಗನ್ ಜೊತೆಯಲ್ಲಿದ್ದರೆ ಈ ರಸ್ತೆಗಳನ್ನು ಬಿಡಿ. ಕೇರಳಕ್ಕೆ ಶಿರಾಡಿ ಇಳಿದು ಮಂಗಳೂರು, ತಲಪಾಡಿ ಮೇಲೆ ಕಾಸರಗೋಡು. ಗೋವಾಕ್ಕೆ ಕರಾವಳಿಯ ಹೆದ್ದಾರಿಯಲ್ಲಿ ಕಾರವಾರ, ಮಾಜಾಳಿ. ತಮಿಳುನಾಡಿಗೆ ಬೆಂಗಳೂರು, ಅತ್ತಿಬೆಲೆ, ಹೊಸೂರು. ಐವತ್ತು ಅರವತ್ತು ಕಿಲೋಮೀಟರ್ ಸುತ್ತಾದರೂ ಪರವಾಗಿಲ್ಲ.

ಅದೇ ಕಾಯ್ದೆಯ ಸೆಕ್ಷನ್ 34ನ್ನು ಮನೆಯಲ್ಲಿದ್ದುಕೊಂಡೇ ಮುಗಿಸಬೇಕು. ಅಭಯಾರಣ್ಯದ ಒಳಗೆ ಅಥವಾ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಿರಬೇಕು. ಭದ್ರಾ ಅಭಯಾರಣ್ಯದ ಸುತ್ತಿನ ಮುತ್ತೋಡಿ, ಲಕ್ಕವಳ್ಳಿ ಕಡೆಯವರಿಗೆ ಇದು ಅನ್ವಯಿಸುತ್ತದೆ. ಹೊರ ರಾಜ್ಯದಲ್ಲಿ ಏನಾದರೂ ತೊಡಕಾಗಿ ಇಲ್ಲಿಂದ ವರದಿ ತರಿಸಿದಾಗ ಈ ಹಳೇ ಬಾಕಿ ಹೊರಬೀಳುವುದು ಒಳ್ಳೆಯದಲ್ಲ.

ಆನೆ ಸಿಕ್ಕರೆ ಎಂಬ ಪ್ರಶ್ನೆ ಆಲೂರು, ಬೇಲೂರು ಕಡೆಯಿಂದ ಬಂದೇ ಬರುತ್ತದೆ. .32 ರಿವಾಲ್ವರ್‌ನಿಂದ ಆನೆಗೆ ಆಗುವುದು ಸಿಟ್ಟು ಮಾತ್ರ. ಹೆದರಿಸಲೆಂದು ರಸ್ತೆಯಲ್ಲಿ ಗಾಳಿಗೆ ಹೊಡೆದರೂ ಅಪರಾಧ.

ಹೊರಡುವ ವಾರ

ಹೋಗುವ ಊರಿನಲ್ಲಿ ಚುನಾವಣೆ ಘೋಷಣೆಯಾಗಿದೆಯೇ, ಗಲಾಟೆ ನಡೆದು ನಿಷೇಧಾಜ್ಞೆ ಇದೆಯೇ ನೋಡಿ. ಹಿಂದೆ ಸೆಕ್ಷನ್ 144 ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163. ಆ ಆದೇಶದಲ್ಲಿ ಆಯುಧ ಹಿಡಿದು ಓಡಾಡಬಾರದು ಎಂದಿದ್ದರೆ ನಿಮ್ಮ ಲೈಸೆನ್ಸ್ ಅಲ್ಲಿ ಸುಮ್ಮನೆ ಕಾಗದ. ನಮ್ಮಲ್ಲೇ ಚುನಾವಣೆ ಇದ್ದಾಗ ಗನ್ ಠೇವಣಿ ಇಡಲು ಆದೇಶ ಬಂದಿರುತ್ತದೆ, ಅದು ಎಲ್ಲರಿಗೂ ಗೊತ್ತು. ನೆರೆ ರಾಜ್ಯದ ಉಪಚುನಾವಣೆ, ಪಂಚಾಯಿತಿ ಚುನಾವಣೆ ನಮ್ಮ ಗಮನಕ್ಕೆ ಬರುವುದಿಲ್ಲ. ಅಂಥ ಸಮಯದಲ್ಲಿ ರಸ್ತೆಗಳಲ್ಲಿ ಚುನಾವಣಾ ತಂಡಗಳು ಪ್ರತಿ ಕಾರು ನಿಲ್ಲಿಸುತ್ತವೆ. 50,000 ರೂಪಾಯಿಗಿಂತ ಹೆಚ್ಚು ನಗದಿಗೆ ದಾಖಲೆ ಕೇಳುತ್ತವೆ. ದುಡ್ಡಿನ ಕಾವಲಿಗೆಂದು ಗನ್ ಇಟ್ಟುಕೊಂಡವರಿಗೆ ಎರಡೂ ಒಟ್ಟಿಗೆ ಸಿಕ್ಕಿಬೀಳುತ್ತವೆ.

ಜೊತೆಗೆ ಬೇಕಾದ ಕಾಗದ: ಮೂಲ ಲೈಸೆನ್ಸ್, ವ್ಯಾಪ್ತಿ ವಿಸ್ತರಣೆಯ ಆದೇಶ ಬೇರೆ ಹಾಳೆಯಲ್ಲಿದ್ದರೆ ಅದೂ, ಗುಂಡು ಕೊಂಡ ಬಿಲ್ಲು, ಆಧಾರ್ ಅಥವಾ ಚಾಲನಾ ಪರವಾನಗಿ. ಲೈಸೆನ್ಸ್‌ನ ಜೆರಾಕ್ಸ್ ಎರಡು, ಒಂದು ಚೀಲದಲ್ಲಿ, ಒಂದು ಮನೆಯವರ ಹತ್ತಿರ. ಲೈಸೆನ್ಸ್ ಕನ್ನಡದಲ್ಲಿದ್ದರೆ ಅದರಲ್ಲೂ ವ್ಯಾಪ್ತಿಯ ಮೊಹರು ಕನ್ನಡದಲ್ಲಿದ್ದರೆ, ಇಂಗ್ಲಿಷಿನಲ್ಲೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಗಡಿಯಾಚೆ ರಾತ್ರಿ ಪಾಳಿಯ ಪೇದೆ ಓದಲಾಗದ ಮೊಹರನ್ನು ನಂಬಬೇಕೆಂದು ನಿರೀಕ್ಷಿಸಬೇಡಿ.

ಗುಂಡುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ. ಪ್ರವಾಸಕ್ಕೆ ಗನ್‌ನಲ್ಲಿ ತುಂಬುವಷ್ಟು ಮತ್ತು ಇನ್ನೊಂದು ಸಲ ತುಂಬುವಷ್ಟು ಸಾಕು. ಡಬ್ಬಿ ಪೂರ್ತಿ ಒಯ್ದರೆ ಎಣಿಕೆ ತಪ್ಪುವುದಕ್ಕೇ ದಾರಿ.

ಮೈಮೇಲೆ ಹೊರುವುದು

ಹೋಲ್ಸ್ಟರ್ ಎಂದರೆ ಟ್ರಿಗರ್‌ನ ಸುತ್ತಲಿನ ಬಳೆಯನ್ನು ಪೂರ್ತಿ ಮುಚ್ಚುವಂಥದ್ದು. ಅಂಗಡಿಗಳಲ್ಲಿ ಸಿಗುವ ಎಲ್ಲ ಗನ್‌ಗೂ ಹೊಂದುವ ಬಟ್ಟೆಯ ಚೀಲ ಆರು ತಿಂಗಳಲ್ಲಿ ಜೋತು ಬೀಳುತ್ತದೆ. ಅದರ ಬಾಯಿ ಮಡಚಿಕೊಂಡು ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರಿ ತೊಡೆ ಹರಿಯುವ ಸಾಧ್ಯತೆ ನಿಜವಾದದ್ದು. ನಿಮ್ಮ ಮಾದರಿಗೇ ಹೊಲಿಸಿದ ಗಟ್ಟಿ ಚರ್ಮದ್ದು, ಅಥವಾ ಅಚ್ಚು ಹಾಕಿದ ಗಟ್ಟಿ ಪ್ಲಾಸ್ಟಿಕ್‌ನದು ತೆಗೆದುಕೊಳ್ಳಿ. ಗನ್ ಹಾಕಿ ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಬೀಳಬಾರದು. ಈ ಪರೀಕ್ಷೆಯನ್ನು ಗುಂಡು ತೆಗೆದು, ಹಾಸಿಗೆಯ ಮೇಲೆ ಮಾಡಿ.

ಬೆಲ್ಟು ಹೋಲ್ಸ್ಟರಿಗಿಂತ ಮುಖ್ಯ. ಒಂದೂವರೆ ಇಂಚು ಅಗಲ, ಎರಡು ಪದರದ ಚರ್ಮ, ಬಾಗಿಸಿದರೆ ತಿರುಚಿಕೊಳ್ಳಬಾರದು. ಕಾನ್ಪುರದ ನಿರ್ಭೀಕ್ ರಿವಾಲ್ವರ್‌ನಂಥ ಹಗುರದ್ದೂ ಗುಂಡಿಲ್ಲದೆ 525 ಗ್ರಾಂ ತೂಗುತ್ತದೆ. ಅಷ್ಟು ಭಾರ ತೆಳು ಬೆಲ್ಟಿನ ಮೇಲೆ ಕೂತರೆ ಹಿಡಿಕೆ ಹೊರಕ್ಕೆ ವಾಲಿ ಅಂಗಿಯಲ್ಲಿ ಉಬ್ಬು ಕಾಣುತ್ತದೆ. ಬಲಗೈಯವರಿಗೆ ಬಲಸೊಂಟದ ಮೂಳೆಯ ಸ್ವಲ್ಪ ಹಿಂದೆ, ಪ್ಯಾಂಟಿನ ಒಳಬದಿಗೆ ಇಟ್ಟರೆ ಹೆಚ್ಚಿನ ಮೈಕಟ್ಟಿಗೆ ಸರಿ. ಸೊಂಟದ ಅಳತೆ ಒಂದೂವರೆ ಇಂಚು ದೊಡ್ಡದಿರಲಿ. ಅಂಗಿ ಹೊರಬಿಟ್ಟು, ಒಂದು ಅಳತೆ ದೊಡ್ಡದು, ಗಾಢ ಬಣ್ಣದ್ದು ಅಥವಾ ಚೌಕುಳಿಯದ್ದು. ತೆಳು ಬಿಳಿ ಅಂಗಿಯಲ್ಲಿ, ಅದೂ ಮಂಗಳೂರಿನ ಬೆವರಿನಲ್ಲಿ, ಎಲ್ಲವೂ ಅಚ್ಚೊತ್ತಿದಂತೆ ಕಾಣುತ್ತದೆ. ಬೆನ್ನಿನ ನಡುವೆ ಸಿಕ್ಕಿಸಿಕೊಳ್ಳುವುದು ಸಿನಿಮಾಕ್ಕೆ ಸರಿ. ನಾಲ್ಕು ಗಂಟೆ ಕಾರು ಓಡಿಸುವವರಿಗೆ ಅದು ಬೆನ್ನುಮೂಳೆಗೆ ಕುತ್ತು.

ಪಂಚೆ ಉಟ್ಟ ದಿನ ಗನ್ ಬೇಡ. ಪಂಚೆಯ ಮೇಲಿನ ಬೆಲ್ಟು ಭಾರ ಹೊರುವುದಿಲ್ಲ, ದೇವಸ್ಥಾನದಲ್ಲಿ ಅಂಗಿ ತೆಗೆಯಬೇಕಾದರೆ ಮುಗಿಯಿತು. ಹೇಗೂ ದೇವರ ಉತ್ಸವ, ಜಾತ್ರೆ, ಸಾರ್ವಜನಿಕ ಸಭೆ, ಶಾಲಾ ಕಾಲೇಜಿನ ಆವರಣಕ್ಕೆ ವಿಶೇಷ ಅನುಮತಿ ಇಲ್ಲದೆ ಒಯ್ಯಬಾರದು ಎಂದು ಲೈಸೆನ್ಸ್‌ನ ಷರತ್ತಿನಲ್ಲೇ ಇದೆ. ತಿರುಮಲಕ್ಕೆ ಹತ್ತುವವರನ್ನು ಬೆಟ್ಟದ ಬುಡದ ಅಲಿಪಿರಿಯಲ್ಲಿ ತಪಾಸಿಸುತ್ತಾರೆ, ಬೆಟ್ಟದ ಮೇಲೆ ಆಯುಧಕ್ಕೆ ಜಾಗವಿಲ್ಲ. ಶಬರಿಮಲೆ ಇರುವುದು ಪೆರಿಯಾರ್ ಹುಲಿ ಮೀಸಲಿನೊಳಗೆ, ಹಾಗಾಗಿ ಅಲ್ಲಿ ಎರಡು ಕಾನೂನು ಒಟ್ಟಿಗೆ. ತೀರ್ಥಯಾತ್ರೆಗೆ ಗನ್ ಒಯ್ಯುವುದು ಎಂದರೆ ಅದನ್ನು ಎಲ್ಲಿಡುವುದು ಎಂದು ದಿನವಿಡೀ ಯೋಚಿಸುವುದು.

ಎಲ್ಲಿಡುವುದು ಎಂಬಲ್ಲಿಯೇ ದೊಡ್ಡ ತಪ್ಪು ನಡೆಯುವುದು. "ಡ್ರೈವರ್ ಕಾರಲ್ಲೇ ಇರ್ತಾನೆ, ಅವನ ಹತ್ರ ಕೊಟ್ಟು ಬರ್ತೀನಿ" ಎನ್ನುತ್ತಾರೆ. ಡ್ರೈವರ್‌ಗೆ ಲೈಸೆನ್ಸ್ ಇಲ್ಲ. ಆ ಕ್ಷಣಕ್ಕೆ ಅವನದು ಅಕ್ರಮ ಸ್ವಾಧೀನ. ಲೈಸೆನ್ಸ್ ಇಲ್ಲದವನ ಕೈಗೆ ಒಪ್ಪಿಸಿದ ನಿಮಗೆ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 29. ಹೆಂಡತಿ, ಮಗ, ತಮ್ಮ ಎಂದರೂ ವ್ಯತ್ಯಾಸವಿಲ್ಲ. ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆ ಹೋಲ್ಸ್ಟರ್ ಅಲ್ಲ, ಕೀಲಿ ಹೋಟೆಲಿನಲ್ಲಿ ಕಾರು ನಿಲ್ಲಿಸಿಕೊಡುವ ಹುಡುಗನ ಕೈಯಲ್ಲಿರುತ್ತದೆ. ಲಾಡ್ಜ್ ಕೋಣೆಯ ಅಂಕಿ ಬೀಗದ ತಿಜೋರಿಗೆ ಮ್ಯಾನೇಜರ್ ಹತ್ತಿರ ಇನ್ನೊಂದು ಸಂಖ್ಯೆ ಇದ್ದೇ ಇರುತ್ತದೆ. ದಾರಿ ಎರಡೇ: ಮೈಮೇಲೆ, ಇಲ್ಲವೇ ಲೈಸೆನ್ಸ್ ಇರುವ ಆರ್ಮ್ಸ್ ಡೀಲರ್ ಹತ್ತಿರ ರಸೀದಿ ಪಡೆದು ಠೇವಣಿ. ಹೋಗುವ ಊರಿನ ಡೀಲರ್ ಒಬ್ಬರನ್ನು ಮೊದಲೇ ಫೋನಿನಲ್ಲಿ ಕೇಳಿಟ್ಟುಕೊಳ್ಳಿ. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ ಎಂಬುದೂ ನೆನಪಿರಲಿ.

ತುಂಬುವುದು, ಖಾಲಿ ಮಾಡುವುದು

ಪಿಸ್ತೂಲಾದರೆ ಚೇಂಬರ್ (ಹಾರಲು ಸಿದ್ಧವಾದ ಗುಂಡು ಕೂರುವ ಜಾಗ) ಖಾಲಿ ಇಟ್ಟು, ಮ್ಯಾಗಜೀನ್ (ಗುಂಡು ತುಂಬಿಡುವ ಡಬ್ಬಿ) ಮಾತ್ರ ಹಾಕಿ ಪ್ರಯಾಣಿಸಿ. ಅದರಿಂದ ಎರಡು ಸೆಕೆಂಡು ತಡವಾಗುತ್ತದೆ ಎನ್ನುವವರಿದ್ದಾರೆ. ಕಾರಿನಲ್ಲಿ ಹತ್ತು ಗಂಟೆ ಕೂತು ಎದ್ದು ಮಾಡುವಾಗ ಆಗಬಹುದಾದ ಅವಘಡದ ಮುಂದೆ ಆ ಎರಡು ಸೆಕೆಂಡು ಏನೂ ಅಲ್ಲ. ಗುಂಡಿಗೆ ಹೊಡೆತ ಕೊಡುವ ಹ್ಯಾಮರ್‌ಗೆ ತಡೆ ಇದೆಯೋ ಇಲ್ಲವೋ ಖಾತ್ರಿ ಇಲ್ಲದ ಹಳೆಯ ರಿವಾಲ್ವರ್ ಆದರೆ ಹ್ಯಾಮರ್ ಕೂರುವ ಮನೆಯನ್ನು ಖಾಲಿ ಬಿಡಿ, ಆರರಲ್ಲಿ ಐದು ತುಂಬಿ.

ಖಾಲಿ ಮಾಡುವ ಕ್ರಮ ಕೈಗೆ ಅಭ್ಯಾಸವಾಗಿರಬೇಕು. ನಳಿಕೆ ಮಣ್ಣಿನ ಕಡೆ ಅಥವಾ ಮರಳು ತುಂಬಿದ ಬಕೆಟ್ ಕಡೆ. ಬೆರಳು ಟ್ರಿಗರ್‌ನಿಂದ ಹೊರಗೆ. ಮೊದಲು ಮ್ಯಾಗಜೀನ್ ತೆಗೆಯಿರಿ. ಆಮೇಲೆ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಎಳೆಯಿರಿ, ಎರಡು ಸಲ. ಸ್ಲೈಡ್ ಹಿಂದಕ್ಕೆ ಹಿಡಿದು ಚೇಂಬರ್‌ನೊಳಗೆ ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ. ಕ್ರಮ ತಿರುಗಿಸಿ, ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ ಏನಾಗುತ್ತದೆ? ಒಂದು ಗುಂಡು ಹೊರಗೆ ಬಿದ್ದದ್ದು ಕಾಣುತ್ತದೆ, ಇನ್ನೊಂದು ಒಳಗೆ ಏರಿರುವುದು ಕಾಣುವುದಿಲ್ಲ. ಖಾಲಿ ಎಂದುಕೊಂಡು ಟ್ರಿಗರ್ ಒತ್ತಿದವರ ಕಥೆಗಳೆಲ್ಲ ಇಲ್ಲಿಂದಲೇ ಶುರುವಾಗುವುದು.

ಪ್ರತಿದಿನ ಅದೇ ಗುಂಡನ್ನು ಚೇಂಬರ್‌ಗೆ ಏರಿಸಿ ತೆಗೆಯುತ್ತಿದ್ದರೆ ಅದರ ಸೀಸದ ತುದಿ ಕೊಳವೆಯೊಳಗೆ ನಿಧಾನವಾಗಿ ಒತ್ತಿಕೊಂಡು ಹೋಗುತ್ತದೆ. ಒಳಗಿನ ಜಾಗ ಕಡಿಮೆಯಾಗಿ ಹಾರುವಾಗ ಒತ್ತಡ ಏರುತ್ತದೆ. ಹೊಸ ಗುಂಡಿನ ಪಕ್ಕದಲ್ಲಿ ನಿಲ್ಲಿಸಿ ನೋಡಿ, ಗಿಡ್ಡವಾಗಿ ಕಂಡದ್ದನ್ನು ಬಳಸಬೇಡಿ.

ಮಳೆಗಾಲದಲ್ಲಿ ಚರ್ಮದ ಹೋಲ್ಸ್ಟರ್‌ನಲ್ಲಿ ರಾತ್ರಿಯಿಡೀ ಗನ್ ಬಿಡಬಾರದು. ಮಲೆನಾಡಿನ ಜೂನ್, ಜುಲೈನಲ್ಲಿ ಚಪ್ಪಲಿಗೂ ಬೂಷ್ಟು ಬರುವಾಗ ಚರ್ಮ ಹೀರಿಕೊಂಡ ತೇವ ಗನ್‌ಗೆ ತುಕ್ಕಾಗುತ್ತದೆ, ಹಿತ್ತಾಳೆ ಗುಂಡಿಗೆ ಹಸಿರು ಕಿಲುಬಾಗುತ್ತದೆ. ಕಿಲುಬು ಹಿಡಿದ ಗುಂಡು ಚೇಂಬರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ದಿನದ ಕೊನೆಗೆ ಒಣಬಟ್ಟೆ, ಆಮೇಲೆ ಗನ್ ಎಣ್ಣೆ ಸೋಕಿಸಿದ ಬಟ್ಟೆ. ತೆಂಗಿನೆಣ್ಣೆ ಬೇಡ, ಗಟ್ಟಿಯಾಗಿ ಅಂಟುತ್ತದೆ.

ಶೌಚಾಲಯದ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ಗನ್ ಕಳೆದುಕೊಳ್ಳುವುದು ಅಲ್ಲೇ. ಹೆದ್ದಾರಿ ಹೋಟೆಲಿನಲ್ಲಿ ಬೆಲ್ಟು ಸಡಿಲಿಸಿದ ತಕ್ಷಣ ಹೋಲ್ಸ್ಟರ್ ವಾಲುತ್ತದೆ. ಗನ್ ತೆಗೆದು ಫ್ಲಶ್ ತೊಟ್ಟಿಯ ಮೇಲೆ ಇಟ್ಟವರು ಮರೆತೇ ಹೊರಡುತ್ತಾರೆ. ಹೋಲ್ಸ್ಟರ್‌ನಿಂದ ತೆಗೆಯಬೇಡಿ. ಬೆಲ್ಟನ್ನು ಮೊಣಕಾಲಿನ ಮೇಲೆ ಬಿಗಿಯಾಗಿ ಎಳೆದು ಹಿಡಿಯಿರಿ, ಅಥವಾ ಹೋಲ್ಸ್ಟರ್ ಸಮೇತ ಬಿಚ್ಚಿ ಚೀಲಕ್ಕೆ ಹಾಕಿ ಕುತ್ತಿಗೆಗೆ ತೂಗಿಸಿಕೊಳ್ಳಿ. ಕಳೆದರೆ ಹುಡುಕುತ್ತಾ ಕೂರದೆ ಹತ್ತಿರದ ಠಾಣೆಗೆ ಕೂಡಲೇ ತಿಳಿಸಬೇಕು.

ತಪಾಸಣೆ ಎದುರಾದಾಗ

ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಯಾವ ಪೊಲೀಸ್ ಅಧಿಕಾರಿಯಾದರೂ ಆಯುಧ ಹೊತ್ತವರ ಲೈಸೆನ್ಸ್ ಕೇಳಬಹುದು. ತೋರಿಸದಿದ್ದರೆ ಆಯುಧ ವಶಪಡಿಸಿಕೊಳ್ಳಬಹುದು. ಕಾರು ನಿಲ್ಲಿಸಿ, ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಅವರು ಮುಟ್ಟಿ ತಪಾಸಿಸಲು ಬಂದರೆ ಮುಂಚೆಯೇ ಮಾತಿನಲ್ಲಿ ಹೇಳಿ: "ಸರ್, ನನ್ನ ಹತ್ತಿರ ಲೈಸೆನ್ಸ್ ಇರುವ ಪಿಸ್ತೂಲಿದೆ, ಬಲಸೊಂಟದಲ್ಲಿದೆ, ಲೈಸೆನ್ಸ್ ಅಂಗಿ ಜೇಬಿನಲ್ಲಿದೆ." ತೋರಿಸಲೆಂದು ಗನ್ ಎಳೆಯಬೇಡಿ. ಕಾಗದ ಮೊದಲು. ಹಾಗಾಗಿಯೇ ಲೈಸೆನ್ಸ್ ಮತ್ತು ಗನ್ ಒಂದೇ ಬದಿಯಲ್ಲಿರಬಾರದು. ಹೊರ ರಾಜ್ಯದಲ್ಲಿ ಅಲ್ಲಿನ ಭಾಷೆಯ ಈ ಒಂದು ವಾಕ್ಯ ಕಲಿತು ಹೋಗಿ. ವಶಪಡಿಸಿಕೊಂಡರೆ ಜಗಳ ಬೇಡ. ಗನ್ ನಂಬರ್, ಗುಂಡಿನ ಸಂಖ್ಯೆ ಬರೆದ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ.

ವಿಮಾನ, ರೈಲು, ಬಸ್ಸು

ವಿಮಾನದಲ್ಲಿ ಗನ್ ಆಗಲಿ ಗುಂಡಾಗಲಿ ಕ್ಯಾಬಿನ್‌ಗೆ ಬರುವುದಿಲ್ಲ. ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ, ಶುಲ್ಕ ಕೇಳಿಕೊಳ್ಳಿ. ಬಜ್ಪೆಗೋ ದೇವನಹಳ್ಳಿಗೋ ಮೂರು ಗಂಟೆ ಮೊದಲು ಸೇರಿ. ಮನೆಯಲ್ಲೇ ಖಾಲಿ ಮಾಡಿದ ಗನ್ ಬೀಗ ಹಾಕುವ ಗಟ್ಟಿ ಪೆಟ್ಟಿಗೆಯಲ್ಲಿ, ಗುಂಡು ಬೇರೆ ಡಬ್ಬಿಯಲ್ಲಿ, ಒಂದಕ್ಕೊಂದು ತಾಗದಂತೆ ಪ್ರತಿ ಗುಂಡಿಗೂ ಬೇರೆ ಗೂಡಿರುವ ಡಬ್ಬಿ. ಅಂತರರಾಷ್ಟ್ರೀಯ ನಿಯಮದಲ್ಲಿ ಗುಂಡಿನ ಮಿತಿ ಪೆಟ್ಟಿಗೆ ಸೇರಿ 5 ಕೆಜಿ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 50 ಗುಂಡಿಗಿಂತ ಹೆಚ್ಚು ಒಪ್ಪುವುದಿಲ್ಲ. ಚೆಕ್ ಇನ್ ಕೌಂಟರಿನಲ್ಲಿ ತಗ್ಗಿದ ದನಿಯಲ್ಲಿ ಘೋಷಿಸಿ, ಘೋಷಣಾ ಪತ್ರಕ್ಕೆ ಸಹಿ ಹಾಕಿ. ಸಾಲಿನ ನಡುವೆ ನಿಂತು "ಗನ್ ಇದೆ" ಎಂದು ಕೂಗಬೇಡಿ.

ನಿಲ್ದಾಣಗಳಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಗನ್‌ನಿಂದಲ್ಲ, ಮರೆತ ಒಂಟಿ ಗುಂಡಿನಿಂದ. ತೋಟಕ್ಕೆ ಒಯ್ಯುತ್ತಿದ್ದ ಚೀಲವನ್ನೇ ಕೈಚೀಲವಾಗಿ ತಂದಿರುತ್ತಾರೆ, ಅದರ ಪಕ್ಕದ ಜೇಬಿನ ಹೊಲಿಗೆಯೊಳಗೆ ಒಂದು ಉಳಿದಿರುತ್ತದೆ. ಸ್ವಾಧೀನ ಎಂದರೆ ಅರಿವಿನಿಂದ ಕೂಡಿದ ಸ್ವಾಧೀನವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1972ರಲ್ಲಿ ಗುನ್ವಂತ್‌ಲಾಲ್ ಪ್ರಕರಣದಲ್ಲಿ ಹೇಳಿದೆ. ಆ ಆಧಾರದ ಮೇಲೆ ಹೈಕೋರ್ಟ್‌ಗಳಲ್ಲಿ ಇಂಥ ಹಲವು ಎಫ್‌ಐಆರ್ ರದ್ದಾಗಿವೆ. ಆದರೆ ವಿಮಾನ ತಪ್ಪಿರುತ್ತದೆ, ವಕೀಲರ ಫೀಸು ಕೊಟ್ಟಾಗಿರುತ್ತದೆ. ಪ್ರಯಾಣಕ್ಕೆ ಬೇರೆಯೇ ಚೀಲ ಇಟ್ಟುಕೊಳ್ಳಿ. ಗುಂಡು ಎಂದೂ ಅದನ್ನು ಮುಟ್ಟಬಾರದು.

ರೈಲಿನಲ್ಲಿ ಗನ್ ಖಾಲಿ ಇರಲಿ, ಬೀಗದ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆ ನಿಮ್ಮ ಬರ್ತ್‌ನ ಕೆಳಗೆ ಸರಪಳಿ ಹಾಕಿ ಅಲ್ಲ, ತಲೆಯ ಪಕ್ಕದಲ್ಲಿ. ರಾತ್ರಿ ಬಸ್ಸಿಗೆ ನಮ್ಮ ಸಲಹೆ ಒಂದೇ: ಬೇಡ. ನಿದ್ದೆ ಹೋದವರ ಹತೋಟಿಯಲ್ಲಿ ಏನೂ ಇರುವುದಿಲ್ಲ.

ಬಿಟ್ಟು ಹೋಗುವುದು

ಗೋವಾದ ಪಾರ್ಟಿ, ಮದುವೆ ಮನೆ, ತೀರ್ಥಯಾತ್ರೆ, ಮಕ್ಕಳ ಜೊತೆಗಿನ ಪ್ರವಾಸ, ಇವುಗಳಲ್ಲಿ ಯಾವುದಕ್ಕೂ ಗನ್ ಒಯ್ಯಲು ಸರಿಯಾದ ಕಾರಣ ಹೇಳುವುದು ಕಷ್ಟ. ಮದುವೆಯಲ್ಲಿ ಖುಷಿಗೆಂದು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ, ಇದೂ 2019ರ ತಿದ್ದುಪಡಿಯದ್ದೇ. ಲೈಸೆನ್ಸ್ ಇದ್ದರೂ ಗುಂಡು ಹಾರಿಸುವ ಹಕ್ಕು ಆತ್ಮರಕ್ಷಣೆಯ ಮಿತಿಯಲ್ಲಿ ಮಾತ್ರ. ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 34ರಿಂದ 44ರವರೆಗೆ ಇದೆ, ಒಮ್ಮೆ ಓದಿ.

ಮನೆಯಲ್ಲಿ ಯಾರೂ ಇಲ್ಲದಾಗ ಗನ್ ಬೀರುವಿನಲ್ಲಿ ಬಿಟ್ಟು ಹೋಗಬೇಡಿ. ಹೊರಡುವ ಹಿಂದಿನ ದಿನ ಡೀಲರ್ ಹತ್ತಿರ ಅಥವಾ ನಿಮ್ಮ ಠಾಣೆಯಲ್ಲಿ ಠೇವಣಿ ಇಡಿ. ಒಪ್ಪಿಸುವ ಮೊದಲು ಎಣ್ಣೆ ಸವರಿ, ನಂಬರ್ ಕಾಣುವಂತೆ ಫೋಟೋ ತೆಗೆದುಕೊಳ್ಳಿ. ರಸೀದಿಯಲ್ಲಿ ಗನ್‌ನ ನಂಬರ್, ಬೋರ್, ಮ್ಯಾಗಜೀನ್ ಎಷ್ಟು, ಗುಂಡು ಎಷ್ಟು ಎಂದು ಬರೆಸಿ, ದಿನಾಂಕ ಮತ್ತು ಮೊಹರು ನೋಡಿ ತೆಗೆದುಕೊಳ್ಳಿ. ವಾಪಸು ಪಡೆಯುವಾಗ ಅಲ್ಲೇ, ಅವರ ಎದುರಿಗೇ, ಎಣಿಸಿ.